ಬಾಗಿಲ ಪಕ್ಕದ ಮೂರು ಮೊಳ

ನಿಪ್ಪಾಣಿ ಬಸ್ಸು ಬದಲಿಸುವ ಊರು. ಚಿಕ್ಕೋಡಿಯ ಕಡೆಯಿಂದ ಬಂದವರು ಇಲ್ಲಿ ಇಳಿದು ಕೊಲ್ಹಾಪುರದ ಬಸ್ಸಿಗೆ ಕಾಯುತ್ತಾರೆ, ಕೊಲ್ಹಾಪುರದಿಂದ ಬಂದವರು ಬೆಳಗಾವಿಯ ಬಸ್ಸಿಗೆ. ಕಾಯುವ ಹೊತ್ತಿಗೆ ಒಂದು ಚಹಾ, ವಖಾರಿಗಳಿಂದ ತೇಲಿಬರುವ ತಂಬಾಕಿನ ಘಾಟಿಗೆ ನಾಲ್ಕು ಸೀನು, ಅಷ್ಟರಲ್ಲಿ ಬಸ್ಸು ಬಂದಿರುತ್ತದೆ. ಮಾಳಸಿದ್ದನೊಬ್ಬ ಮಾತ್ರ ಬಸ್ಸು ಬದಲಿಸಲು ಇಳಿದವನು ನಾಲ್ಕು ವರ್ಷ ಇಲ್ಲೇ ನಿಂತುಬಿಟ್ಟ.

ಅವನು ಬೇಡಕಿಹಾಳದವನು. ತಂದೆ ಕಾಡಸಿದ್ದ, ತಾಯಿ ಸಾವಕ್ಕ. ಕುರಿ ಕಾಯುವ ಮನೆ. ದೀಪಾವಳಿಯ ಬೆನ್ನಿಗೆ ಕುರಿ ಹೊಡೆದುಕೊಂಡು ಪಡುವಣಕ್ಕೆ ಹೊರಟರೆ ಮಳೆಗಾಲದ ಬಾಯಿಗೆ ತಿರುಗಿ ಬರುವ ಜನ. ಕುರಿಗಳ ಬೆನ್ನಿಗೆ ಕೆಮ್ಮಣ್ಣಿನ ಗುರುತು ಹಾಕುವ ಕೆಲಸವನ್ನು ಚಿಕ್ಕಂದಿನಲ್ಲೇ ಮಾಳಸಿದ್ದನಿಗೆ ಒಪ್ಪಿಸಿದ್ದರು. ಒಂದೇ ಗೀಟು ಎಳೆಯಬೇಕಾದಲ್ಲಿ ಅವನು ಹಕ್ಕಿ ಬರೆಯುತ್ತಿದ್ದ, ಚಂದ್ರ ಬರೆಯುತ್ತಿದ್ದ. ಸಂತೆಯಲ್ಲಿ ಕುರಿಗಿಂತ ಅದರ ಬೆನ್ನನ್ನೇ ಹೆಚ್ಚು ಜನ ನೋಡುತ್ತಿದ್ದರಂತೆ. ಹದಿನೆಂಟಕ್ಕೆ ಕೊಲ್ಹಾಪುರ ಸೇರಿ, ಸಿನಿಮಾ ಬ್ಯಾನರು ಬರೆಯುವ ರಾಜಾರಾಮನ ಕೈಕೆಳಗೆ ಎರಡು ವರ್ಷ ದುಡಿದ. ಅಲ್ಲಿ ಹೊಸಬರಿಗೆ ಅಕ್ಷರ, ಸೀರೆ, ಕೋಟು, ಬೆಂಕಿ, ಮೋಡ. ಮುಖಗಳು ಮಾತ್ರ ಗುರುವಿನವು. ನಲವತ್ತಡಿ ಬಟ್ಟೆಯ ಮೇಲೆ ಆಳೆತ್ತರದ ಕಣ್ಣುಗಳನ್ನು ರಾಜಾರಾಮ ಬರೆಯುವಾಗ ಮಾಳಸಿದ್ದ ಏಣಿ ಹಿಡಿದು ಕೆಳಗೆ ನಿಂತಿರುತ್ತಿದ್ದ.

೧೯೮೬ರ ಬೇಸಿಗೆಯಲ್ಲಿ ಜ್ವರ ಹಿಡಿದು ಊರಿಗೆ ಹೊರಟಾಗ ರಾಜಾರಾಮ ಅವನ ಬೆನ್ನ ಮೇಲೆ ಕೈಯಿಟ್ಟು, "ಅರಾಮಾಗಿ ದಸರಾದೊಳಗ ಬಾರಪಾ. ಇನ್ನ ಮುಖ ನಿನಗೂ ಕೊಡ್ತೇನಿ," ಅಂದಿದ್ದ. ಜ್ವರ ಬಿಟ್ಟದ್ದು ಆ ಮಾತಿನಿಂದಲೇ ಎಂದು ಸಾವಕ್ಕ ಹೇಳುತ್ತಿದ್ದಳು.

ಶ್ರಾವಣದಲ್ಲಿ ಅವನು ನಿಪ್ಪಾಣಿಯಲ್ಲಿ ಇಳಿದಾಗ ಕೊಲ್ಹಾಪುರದ ಬಸ್ಸಿಗೆ ಇನ್ನೂ ಅರ್ಧ ತಾಸಿತ್ತು. ಪುಣೆ ರಸ್ತೆಯ ಮೇಲೆ ಹೊಸದಾಗಿ ಎದ್ದಿದ್ದ ಸರ್ವಮಿತ್ರ ಹೋಟೆಲಿಗೆ ಚಹಾ ಕುಡಿಯಲು ಹೋದ. ಗಲ್ಲೆಯ ಮೇಲೆ ಕೂತಿದ್ದ ಮಾಲೀಕರು ಬಾಬಾಸಾಹೇಬರು. ಶಿರಗುಪ್ಪಿಯ ಕಡೆಯ ಮನೆತನ, ಕಬ್ಬೂ ಇತ್ತು, ದ್ರಾಕ್ಷಿಯೂ ಇತ್ತು. ಹೊಲ ಅಣ್ಣನಿಗೆ ಬಿಟ್ಟು, ವಯಸ್ಸಾದ ತಾಯಿ ಶಿವಗಂಗವ್ವನನ್ನು ಕರೆದುಕೊಂಡು ಈ ಊರಿಗೆ ಬಂದವರು. ಅವರ ಕಣ್ಣು ಹುಡುಗನ ಅಂಗಿಯ ತೋಳಿನ ಮೇಲೆ ಬಿತ್ತು.

"ತಮ್ಮಾ, ಅಂಗಿ ತೋಳಿಗೆ ಬಣ್ಣ ಐತಲ್ಲ. ಪೇಂಟರೇನು?"

"ಹೌದ್ರಿ. ಕೊಲ್ಹಾಪುರಕ್ಕ ಹೊಂಟೇನ್ರಿ."

"ಬಸ್ಸು ನಾಳಿಗೂ ಇರತೈತಿ. ಒಳಗ ಬಾ, ಒಂದು ಗ್ವಾಡಿ ತೋರಸ್ತೇನಿ."

ಅಡುಗೆಮನೆಯ ಕಡೆಯಿಂದ ಹೊರಬಾಗಿಲಿನವರೆಗೆ ಇಪ್ಪತ್ತನಾಲ್ಕು ಅಡಿ ಉದ್ದದ ಗೋಡೆ, ಮೇಲೆ ಹೊಸ ಸುಣ್ಣ. ಅದು ಗಡಿಯ ಗಲಾಟೆ ಜೋರಾಗಿದ್ದ ವರ್ಷ. ಬೋರ್ಡಿನಲ್ಲಿ ಕನ್ನಡ ಮೇಲಿದ್ದಾಗ ಒಂದು ಸಲ ಗಾಜು ಒಡೆದಿತ್ತು, ಮರಾಠಿ ಮೇಲೆ ಬರೆಸಿದಾಗ ಇನ್ನೊಂದು ಸಲ.

"ಈ ಗ್ವಾಡಿ ಮ್ಯಾಲ ನಮ್ಮ ಕಡೆ ಮಂದಿ ಎಲ್ಲಾರೂ ಬರಬೇಕು," ಎಂದರು ಬಾಬಾಸಾಹೇಬರು. "ಕನ್ನಡದವ್ರು, ಮರಾಠಿಯವ್ರು, ಜೈನರು, ಸಾಬರು, ಶೇಠಂದಿರು, ತಂಬಾಕಿನ ಹೆಣಮಕ್ಕಳು. ಯಾರು ಊಟಕ್ಕ ಕುಂತ್ರೂ ತಮ್ಮಾಂವ ಒಬ್ಬಾಂವ ಎದುರಿಗೆ ಕಾಣಬೇಕು. ತಮ್ಮಾಂವ ಇರೂ ಮನಿಗೆ ಯಾರೂ ಕಲ್ಲು ಒಗಿಯೂದಿಲ್ಲ."

ಮಾಳಸಿದ್ದನ ಕಿವಿಗೆ ಬೇರೆಯೇ ಕೇಳಿಸಿತು. ಇಪ್ಪತ್ತನಾಲ್ಕು ಅಡಿ ತುಂಬ ಬರೀ ಮುಖಗಳು, ಏಣಿ ಹಿಡಿಯುವವನೂ ತಾನೇ, ಬರೆಯುವವನೂ ತಾನೇ. ಹದಿನೈದು ದಿನದ ಕೆಲಸ, ದಸರಾಕ್ಕೆ ಇನ್ನೂ ಎರಡು ತಿಂಗಳಿದೆ ಎಂದು ಲೆಕ್ಕ ಹಾಕಿದ.

"ಹಿಂದಿನ ಪೇಂಟರ ಎತ್ತಿನ ಎರಡು ಕಾಲು ಬರದು ಓಡಿ ಹೋದ," ಎಂದರು ಬಾಬಾಸಾಹೇಬರು. "ನೀ ಹಾಲಮತದಾಂವ. ನಡುವಿನಾಗ ಭಂಡಾರದ ಚೀಲ ಐತಿ. ಎತ್ತು, ನೋಡೂಣು."

ಬೀರದೇವರ ಭಂಡಾರವೆಂದರೆ ಬರೀ ಅರಿಶಿಣದ ಪುಡಿ. ಆದರೆ ಅದನ್ನು ಅಂಗೈಯಲ್ಲಿಟ್ಟು ಎತ್ತಿ ಆಡಿದ ಮಾತು ಕುರುಬರ ಹಟ್ಟಿಯಲ್ಲಿ ಕಾಗದಕ್ಕಿಂತ ಗಟ್ಟಿ. ಬೇರೆಯವರಾಗಿದ್ದರೆ ಎಷ್ಟು ದಿನ ಎಂದು ಮೊದಲು ಕೇಳುತ್ತಿದ್ದರು. ಮಾಳಸಿದ್ದ ಅದನ್ನು ಕೇಳಲಿಲ್ಲ. ದೇವರ ಪುಡಿ ಕೈಯಲ್ಲಿ ಹಿಡಿದು ದಿನಗಳ ಚೌಕಾಸಿ ಮಾಡುವುದು ಅವನ ಹಟ್ಟಿಯಲ್ಲಿ ಹೇಡಿತನ. ಶಿವಗಂಗವ್ವ ಬೆತ್ತದ ಕುರ್ಚಿಯಲ್ಲಿ ಕೂತು ನೋಡುತ್ತಿದ್ದಳು. ಅವನು ಚೀಲ ಬಿಚ್ಚಿ, ಚಿಟಿಕೆ ಪುಡಿ ಅಂಗೈಗೆ ಸುರಿದು, ಕೈ ಎತ್ತಿ ಹೇಳಿದ:

"ಸಾವುಕಾರ್ರು ಸಾಕು ಅನ್ನೂತನಕ ನಾ ಬ್ಯಾರೆ ಕೆಲಸಕ್ಕ ಬ್ರಶ್ ಹಿಡಿಯೂದಿಲ್ಲ."

ಆ ದಿನದ ಕೊಲ್ಹಾಪುರದ ಬಸ್ಸು ಹೊರಟುಹೋಯಿತು.

ಮೊದಲ ತಿಂಗಳು ಅವನ ಬದುಕಿನ ಚೆಂದದ ದಿನಗಳು. ನೀಲಿ ಪುಡಿಯಲ್ಲಿ ಅದ್ದಿದ ದಾರವನ್ನು ಗೋಡೆಗೆ ಬಿಗಿದು ಹೊಡೆದು ಚೌಕಗಳನ್ನು ಮಾಡಿದ. ಅಗಸೆ ಎಣ್ಣೆಯಲ್ಲಿ ಬಣ್ಣ ಕಲಸಿದ. ಎಲ್ಲರೂ ಅಡುಗೆಮನೆಯ ಕಡೆಯಿಂದ ಬಾಗಿಲಿನ ಕಡೆಗೆ ನಡೆಯುತ್ತಿರುವಂತೆ ಬರೆದ. ಹೆಗಲ ಮೇಲೆ ಕಬ್ಬಿನ ಜಲ್ಲೆ ಇಟ್ಟ ರೈತ, ಇಳಕಲ್ ಸೀರೆಯ ಹೆಂಡತಿ, ಕೇಸರಿ ಫೇಟಾದ ಮರಾಠಾ ಪಾಟೀಲ, ಬಿಳಿ ಧೋತರದ ಜೈನ ವ್ಯಾಪಾರಿ, ಬುಟ್ಟಿ ಹೊತ್ತ ತಂಬಾಕಿನ ಹೆಂಗಸರು, ಟೊಪ್ಪಿಗೆಯ ಅತ್ತರಿನ ಸಾಬ, ಗುಜರಾತಿ ಶೇಠ, ಕೊಂಕಣದಿಂದ ಒಣಮೀನು ತರುವ ಹೆಂಗಸು. ಬಾಬಾಸಾಹೇಬರು ಮೀನಿನ ಬುಟ್ಟಿಯ ಮೇಲೊಂದು ಬಟ್ಟೆ ಮುಚ್ಚಿಸಿದರು, ತಮ್ಮದು ಶಾಕಾಹಾರಿ ಹೋಟೆಲೆಂದು. ಎಲ್ಲರ ಮುಂದೆ, ಬಾಗಿಲ ಪಕ್ಕದಲ್ಲಿ, ಮೂರು ಮೊಳ ಜಾಗವನ್ನು ಮಾಳಸಿದ್ದ ಹಾಗೇ ಬಿಟ್ಟುಕೊಂಡ. ಅಲ್ಲಿಗೆ ಕುರಿ ಕಾಯುವವನು ಬರಬೇಕು, ಕೊನೆಯ ದಿನ ಅವನನ್ನು ಬರೆದು, ಅವನ ಹಿಂದೆಯೇ ತಾನೂ ಹೊರಬೀಳಬೇಕು ಎಂಬುದು ಅವನ ಎಣಿಕೆ.

ಮೊದಲ ತಕರಾರು ಮನೆಯೊಳಗಿನಿಂದಲೇ ಬಂತು. ಶಿವಗಂಗವ್ವ ಕುರ್ಚಿಯಿಂದ ಎದ್ದು ಬಂದು ರೈತನ ಹೆಂಡತಿಯ ಮುಂದೆ ನಿಂತಳು.

"ಇಕಿ ಯಾರ ಮನಿಯಾಕಿ?"

"ನಿಮ್ಮ ಮನಿಯಾಕೀನಬೇ ಯವ್ವಾ."

"ನಮ್ಮ ಮನಿಯಾಕಿ ಎಡಗಡೆ ಸೆರಗ ಹೊರತಾಳೇನೋ?"

ಮಾಳಸಿದ್ದ ಮುದುಕಿಯ ಹೆಗಲು ನೋಡಿದ. ಸೆರಗು ಬಲ ಹೆಗಲ ಮೇಲಿಂದ ಬಂದಿತ್ತು. ಅವನು ಸೀರೆ ಬರೆಯಲು ಕಲಿತದ್ದು ಸಿನಿಮಾ ಬ್ಯಾನರುಗಳಿಂದ, ಅಲ್ಲಿ ಎಲ್ಲರದೂ ಎಡ ಸೆರಗು. ತನ್ನ ತಾಯಿಯ ಸೆರಗು ಯಾವ ಕಡೆಗಿದೆ ಎಂಬುದೇ ಅವನಿಗೆ ಆ ಕ್ಷಣ ನೆನಪಾಗಲಿಲ್ಲ. ಸೆರಗು ಬದಲಾದರೆ ಕೈ ಬದಲಾಗಬೇಕು, ಕೊಡ ಬದಲಾಗಬೇಕು, ಹಿಂದಿನವಳ ಮುಖ ಸರಿಯಬೇಕು. ಆರು ದಿನ ಹೋಯಿತು. ಹೆದರಿಕೊಂಡು ಎಲ್ಲ ಹೆಂಗಸರ ಸೆರಗನ್ನೂ ಬಲಕ್ಕೆ ತಂದ. ಆಗ ಊಟಕ್ಕೆ ಬಂದ ಮರಾಠಾ ಪಾಟೀಲರ ಕಡೆಯವರು, ಬುಟ್ಟಿ ಹೊತ್ತವಳೊಬ್ಬಳನ್ನು ತೋರಿಸಿ, ನಮ್ಮವರದು ಎಡ ಸೆರಗು, ಇವಳು ನಮ್ಮವಳಲ್ಲ ಎಂದರು. ಯಾರದು ಎಡ, ಯಾರದು ಬಲ ಎಂದು ತಿಳಿಯಲು ಬಸ್‌ಸ್ಟ್ಯಾಂಡಿನಲ್ಲಿ ನಿಂತು ಹೆಂಗಸರ ಹೆಗಲು ನೋಡುತ್ತಿದ್ದವನನ್ನು ಒಬ್ಬ ಕಂಡಕ್ಟರು ಗದರಿಸಿ ಓಡಿಸಿದ. ಹೋಟೆಲಿನಲ್ಲಿ ಚಹಾ ಮಾಡುವ ಭೀಮಸಿ ಇದನ್ನು ವಾರಗಟ್ಟಲೆ ಹೇಳಿ ಹೇಳಿ ನಗಿಸಿದ.

ದಸರಾಕ್ಕೆ ನಾಲ್ಕು ದಿನವಿದ್ದಾಗ ಮಾಳಸಿದ್ದ ಗಲ್ಲೆಯ ಮುಂದೆ ನಿಂತ. ಇನ್ನು ಬಾಗಿಲ ಪಕ್ಕದ್ದೊಂದೇ ಬಾಕಿ, ಎರಡು ದಿನದ ಕೆಲಸ, ಆಮೇಲೆ ಸಾಕು ಅನ್ನಿರಿ ಎಂದ. ಬಾಬಾಸಾಹೇಬರು ತಲೆಯಾಡಿಸಿದರು. ಅದೇ ಮಧ್ಯಾಹ್ನ ಪಂಜಾಬಿನ ಲಾರಿ ಡ್ರೈವರನೊಬ್ಬ ಊಟ ಮುಗಿಸಿ, ಗೋಡೆಯನ್ನು ಆ ತುದಿಯಿಂದ ಈ ತುದಿಯವರೆಗೆ ನೋಡಿ, ನಗುತ್ತ ಕೇಳಿದ: "ಸೇಠ್‌ಜೀ, ಹಮಾರಾ ಆದಮೀ ಕಿಧರ್ ಹೈ?"

ನಮ್ಮವನೆಲ್ಲಿ ಎಂದು ತಮಾಷೆಗೆ ಕೇಳಿದ್ದು. ಆದರೆ ಬಾಬಾಸಾಹೇಬರ ಮುಖ ಸಣ್ಣದಾಯಿತು. ದಸರಾ ಕಳೆಯಿತು. ಪಾಟೀಲನ ಹೆಗಲ ಹಿಂದೆ ಒಂದು ಪಂಜಾಬಿ ಪೇಟ, ಗಡ್ಡ, ಎರಡು ನಗುವ ಕಣ್ಣು ಮೂಡಿದವು. ಮುಂದಿನ ಸಲ ಬಂದ ಡ್ರೈವರು ಅದನ್ನು ನೋಡಿ ಎಲ್ಲರಿಗೂ ಪೇಢೆ ಹಂಚಿದ, ಐದು ಲಾರಿಗಳವರನ್ನು ಊಟಕ್ಕೆ ಕರೆತಂದ. ಅಂದಿನಿಂದ ಸುದ್ದಿ ಹಬ್ಬಿತು. ಕೇಳಿದವರಿಗೆ ಗೋಡೆಯ ಮೇಲೆ ಜಾಗ ಸಿಗುತ್ತದಂತೆ. ಕುಂಬಾರರು ಕೇಳಿದರು, ನೇಕಾರರು ಕೇಳಿದರು, ಹಾರೂಗೇರಿಯ ಬಾಜಾರದ ಬಳೆಗಾರರು ಕೇಳಿದರು. ಒಬ್ಬರು ಬಂದರೆ ಅವರ ಎದುರು ಬಣದವರೂ ಬರಬೇಕು. ಒಬ್ಬನನ್ನು ಮುಂದೆ ಬರೆದರೆ ಇನ್ನೊಬ್ಬನನ್ನು ಯಾಕೆ ಹಿಂದೆ ಬರೆದೆ ಎಂಬ ಜಗಳ.

ಜಾಗ ಎಲ್ಲಿಂದ ಬರಬೇಕು? ಹೆಗಲುಗಳ ನಡುವೆ, ಕಂಕುಳ ಸಂದಿಯಲ್ಲಿ ತಲೆಗಳನ್ನು ತೂರಿಸಿದ. ಮೊದಲು ಗೋಡೆಯ ಜನ ನಡೆಯುತ್ತಿದ್ದರು. ಎರಡನೆಯ ವರ್ಷದ ಹೊತ್ತಿಗೆ ಕಾಲೆತ್ತಿಡಲು ಅವರಿಗೆ ತೆರಪು ಉಳಿಯಲಿಲ್ಲ. ಬಾಗಿಲಿನ ಕಡೆಗೆ ಮುಖ ಮಾಡಿ, ಒಬ್ಬರ ಬೆನ್ನಿಗೊಬ್ಬರು ಒತ್ತಿಕೊಂಡು, ಬಾರದ ಬಸ್ಸಿಗೆ ಕಾಯುವವರ ಹಾಗೆ ನಿಂತರು. ಬಾಗಿಲ ಪಕ್ಕದ ಮೂರು ಮೊಳ ಮಾತ್ರ ಖಾಲಿ ಇತ್ತು. ಅದನ್ನು ಮುಟ್ಟಲು ಬಾಬಾಸಾಹೇಬರು ಬಿಡಲಿಲ್ಲ.

"ನಾಳೆ ಯಾರು ಬಂದು ಜಗ್ಗಾಡತಾರೋ. ಅವರಿಗೆ ತೋರಸಾಕ ಖಾಲಿ ಜಾಗಾ ಇರಲಿ."

ಮಾಳಸಿದ್ದನ ಮಲಗುವ ಜಾಗ ಜಿನೆಯ, ಅಂದರೆ ಮಹಡಿ ಮೆಟ್ಟಿಲ, ಕೆಳಗಿನ ಖೋಲಿ. ಮಹಡಿಯ ಲಾಜಿನಲ್ಲಿ ಇಳಿದುಕೊಂಡವರು ಹತ್ತಿ ಇಳಿಯುವಾಗ ಅವರ ಕಾಲ ಸಪ್ಪಳ ಅವನ ಎದೆಯ ಮೇಲೇ ನಡೆದಂತಾಗುತ್ತಿತ್ತು. ಹೊಸ ತಲೆ ಬರೆಯುವುದಿಲ್ಲದ ದಿನವೂ ಗೋಡೆ ಅವನನ್ನು ಬಿಡುತ್ತಿರಲಿಲ್ಲ. ಅಡುಗೆಮನೆಯ ಹೊಗೆಗೆ ಮುಖಗಳು ಕಪ್ಪಾಗುತ್ತಿದ್ದವು. ಊಟಕ್ಕೆ ಕೂತವರು ಗೋಡೆಗೆ ಒರಗಿದಲ್ಲಿ ತಲೆಯೆಣ್ಣೆಯ ದುಂಡು ಕಲೆ. ತಂಬಾಕು ತಿಕ್ಕಿದ ಸುಣ್ಣದ ಬೆರಳನ್ನು ಕೆಲವರು ಸೀದಾ ಶೇಠನ ಧೋತರಕ್ಕೆ ಒರೆಸುತ್ತಿದ್ದರು. ತೊಳೆದು, ಮತ್ತೆ ಬಣ್ಣ ಹಚ್ಚಿ, ಮೊದಲಿನಂತೆ ಮಾಡುವ ಹೊತ್ತಿಗೆ ಆ ತುದಿ ಮತ್ತೆ ಕಪ್ಪಾಗಿರುತ್ತಿತ್ತು. ದಿನಕ್ಕೆ ಒಂಬತ್ತು ಸಲ ಕೊಲ್ಹಾಪುರದ ಬಸ್ಸು ಹೋಟೆಲಿನ ಮುಂದಿನಿಂದಲೇ ಹೋಗುತ್ತಿತ್ತು. ಹೊತ್ತು ಎಷ್ಟಾಯಿತೆಂದು ಅವನು ಗಡಿಯಾರ ನೋಡುವುದನ್ನೇ ಬಿಟ್ಟಿದ್ದ.

ಅವನಿಗೆ ಯಾರೂ ಬೀಗ ಹಾಕಿರಲಿಲ್ಲ. ಬೇಡಕಿಹಾಳಕ್ಕೆ ಹೋಗಿ ಬರಬಹುದಿತ್ತು, ಹೋಗಿಯೂ ಬಂದ. ಎರಡನೆಯ ವರ್ಷ ಸಾವಕ್ಕ ತೀರಿಕೊಂಡಾಗ ಮಣ್ಣಿಗೆ ಹೋಗಿ, ಮೂರನೆಯ ದಿನಕ್ಕೆ ತಿರುಗಿ ಬಂದು ಏಣಿ ಹತ್ತಿದ. ಹೀಗೆ ತಾನೇ ಬಾಗಿಲು ತೆಗೆದು ತಾನೇ ಒಳಗೆ ಬರುವುದು ಬೀಗಕ್ಕಿಂತ ಕಷ್ಟ ಎಂದು ಅವನಿಗೆ ಅನಿಸುತ್ತಿತ್ತು.

ಕಾಡಸಿದ್ದ ಮಾತ್ರ ವರ್ಷಕ್ಕೆ ಎರಡು ಸಲ ಆ ರಸ್ತೆಯಲ್ಲಿ ಬರುತ್ತಿದ್ದ. ಕುರಿಗಳು ರಸ್ತೆ ತುಂಬ ಹರಡಿ ಲಾರಿಗಳು ಹಾರ್ನು ಬಾರಿಸುವಾಗ ಅವನು ಹೋಟೆಲಿನ ಮೆಟ್ಟಿಲ ಕೆಳಗೆ ಬಂದು ನಿಲ್ಲುತ್ತಿದ್ದ. ಒಳಗೆ ಬಾ ಎಂದರೆ ಬರುತ್ತಿರಲಿಲ್ಲ. ಕಾಲಲ್ಲಿ ಹಿಕ್ಕೆ, ಮೈಮೇಲೆ ಕುರಿಯ ವಾಸನೆ, ಊಟ ಮಾಡುವ ಜಾಗ ಎನ್ನುತ್ತಿದ್ದ. ಮೊದಲ ವರ್ಷವೇ ಮಗ ಎಲ್ಲ ಹೇಳಿದ್ದ.

"ಏನಂತ ಎತ್ತಿದಿ?"

"ಸಾವುಕಾರ್ರು ಸಾಕು ಅನ್ನೂತನಕ ಅಂತ."

"ದಿನಾ ಕೇಳಲಿಲ್ಲ?"

"ಇಲ್ಲಪಾ."

ಕಾಡಸಿದ್ದ ಲಾರಿಗೆ ಅಡ್ಡ ಹೋದ ಕುರಿಯೊಂದನ್ನು ಕೋಲಿನಿಂದ ಈಚೆಗೆ ತಿರುಗಿಸಿದ. "ನಾ ಇದ್ದಿದ್ರೂ ಕೇಳತಿರಲಿಲ್ಲ," ಎಂದ. "ಎತ್ತೀದಿ ಅಂದ ಮ್ಯಾಲ ಆತು. ಅಂವ ಬಿಡಬೇಕು, ನನಗ ಬಿಡಸಾಕ ಬರೂದಿಲ್ಲ." ಕಂಬಳಿ ಹೊದ್ದು, ಎಡಗಾಲು ತುಸು ಎಳೆಯುತ್ತ, ಕೋಲೂರಿಕೊಂಡು ಹೋಗಿಬಿಟ್ಟ. ಬೆನ್ನು ತಿರುವಿಗೆ ಮರೆಯಾಗುವವರೆಗೆ ಮಾಳಸಿದ್ದ ಬಾಗಿಲಲ್ಲಿ ನಿಂತು ನೋಡಿದ. ಪ್ರತಿ ಸಲವೂ ಹಾಗೆಯೇ ನಿಂತು ನೋಡುತ್ತಿದ್ದ. ತಂದೆಯ ಮುಖಕ್ಕಿಂತ ಬೆನ್ನೇ ಅವನಿಗೆ ಹೆಚ್ಚು ಪರಿಚಯವಾಯಿತು.

ಮೂರನೆಯ ವರ್ಷ ಒಮ್ಮೆ ಅವನು ಗಟ್ಟಿ ಮನಸ್ಸು ಮಾಡಿ ಕೇಳಿದ. "ಸಾವುಕಾರ್ರ, ಒಂದು ಮಾತು ಅಂದ್ರ ಸಾಕು. ನನ್ನ ಮಾತು ನನಗ ತಿರಗಿ ಕೊಡ್ರಿ."

ಬಾಬಾಸಾಹೇಬರು ಸಿಟ್ಟಾಗಲಿಲ್ಲ. ಗಲ್ಲೆಯಿಂದ ಎದ್ದು ಬಂದು ಅವನ ಪಕ್ಕದ ಬೆಂಚಿನ ಮೇಲೆ ಕೂತರು.

"ಮಾಳ್ಯಾ, ನನಗೇನು ಖುಷಿ ಅನಕೊಂಡೀಯೇನು? ರಸ್ತಾದಾಗ ನಾಕು ಹುಡುಗೂರು ಕೂಡಿ ನಿಂತ್ರ ನನ್ನ ಎದಿ ಡವಡವ ಅಂತೈತಿ. ಈ ಗ್ವಾಡಿ ಬರಸಿದಾಗಿಂದ ಒಂದು ಕಲ್ಲು ಬಿದ್ದಿಲ್ಲ. ನೀ ಹೋದಿ ಅಂದ್ರ, ನಾಳೆ ಬಂದಾಂವಗ ನಾ ಏನ ತೋರಸಲಿ? ಖಾಲಿ ಜಾಗಾ ಐತಿ, ಬರಿಯಾಂವ ಒಳಗ ಅದಾನ ಅಂತ ಹೇಳಾಕರೆ ಬರತೈತಿ."

ಮಾಳಸಿದ್ದನಿಗೆ ಆಗ ತಿಳಿಯಿತು. ಅವನನ್ನು ಹಿಡಿದಿಟ್ಟದ್ದು ಬರೆದ ಹತ್ತೊಂಬತ್ತು ಅಡಿಯಲ್ಲ, ಬರೆಯದ ಮೂರು ಮೊಳ. ಹೊರಗೆ ಹೋಗುವ ದಾರಿಯೆಂದು ತಾನೇ ಬಿಟ್ಟುಕೊಂಡ ಜಾಗದಲ್ಲೇ ತಾನು ಸಿಕ್ಕಿಬಿದ್ದಿದ್ದ. ಎದುರಿಗೆ ಕೂತ ಮನುಷ್ಯನೂ ಅದರಲ್ಲೇ ಸಿಕ್ಕಿದ್ದ. ಸಿಟ್ಟಾಗಲು ಅವನಿಗೆ ಯಾರೂ ಉಳಿಯಲಿಲ್ಲ.

೧೯೯೦ರ ಬೇಸಿಗೆಯಲ್ಲಿ ರಾಜಾರಾಮ ಬೆಳಗಾವಿಗೆ ಹೋಗುವವನು ನಿಪ್ಪಾಣಿಯಲ್ಲಿ ಇಳಿದು ಹೋಟೆಲು ಹುಡುಕಿಕೊಂಡು ಬಂದ. ಕೂದಲು ಬೆಳ್ಳಗಾಗಿತ್ತು. ಚಹಾ ಆರುವವರೆಗೂ ಗೋಡೆಯನ್ನೇ ನೋಡಿದ.

"ಮುಖ ಚಲೋ ಬರದೀದಿ," ಎಂದ. "ಆದ್ರ ಎಲ್ಲಾರೂ ಉಸಿರು ಹಿಡಕೊಂಡು ನಿಂತಾರಲ್ಲೋ."

ಮಾಳಸಿದ್ದ ಆರಿದ ಚಹಾ ತೆಗೆದು ಗುರುವಿನ ಮುಂದೆ ಬಿಸಿ ಚಹಾ ಇಟ್ಟ.

"ನೋಡಪಾ, ನನ್ನ ಕೈ ನಡಗಾಕತ್ತೈತಿ. ನಾಕು ವರ್ಷ ನಿನ್ನ ಜಾಗಾ ಇಟ್ಟೀನಿ. ಈ ದಸರಾತನಕ ನೋಡ್ತೇನಿ, ಬರಲಿಲ್ಲಂದ್ರ ಮುಖದ ಕೆಲಸ ಅಳಿಯಾಗ ಕೊಡಾಂವ. ಅಂವಗ ಮೂಗು ಬರಿಯಾಕ ಬರೂದಿಲ್ಲ, ಖರೆ. ಏನ ಮಾಡೂದು, ಅಳಿಯ."

ಆ ಮಳೆಗಾಲ ಬಿಡದೆ ಹೊಯ್ಯಿತು. ಆಷಾಢದ ಒಂದು ಮಧ್ಯಾಹ್ನ ಹೋಟೆಲಿನಲ್ಲಿ ಗಿರಾಕಿಗಳಿರಲಿಲ್ಲ. ಮಾಳಸಿದ್ದ ಬಾಗಿಲಲ್ಲಿ ನಿಂತು ರಸ್ತೆ ನೋಡುತ್ತಿದ್ದ. ಹೊಲಗಳಿಂದ ಬರುವವರು, ಹೋಗುವವರು ಎಲ್ಲರೂ ಕಂಬಳಿಯ ಕೊಪ್ಪೆ ಹಾಕಿಕೊಂಡಿದ್ದರು. ಕಂಬಳಿಯ ಒಂದು ಮೂಲೆ ಮಡಿಸಿ ತಲೆಗೆ ಸಿಕ್ಕಿಸಿದರೆ ಅದು ಹಿಂದೆ ಹಿಮ್ಮಡಿಯವರೆಗೆ ಇಳಿಯುತ್ತದೆ. ಆ ಕರಿ ಗೋಪುರಗಳ ಒಳಗೆ ಯಾರಿದ್ದಾರೆಂದು ಹೇಳಲು ಬರುವುದಿಲ್ಲ. ಅವುಗಳಲ್ಲೊಂದು ರಸ್ತೆ ದಾಟಿ, ತಲೆ ತಗ್ಗಿಸಿ, ಓಡುತ್ತ ಹೋಟೆಲಿನೊಳಗೆ ನುಗ್ಗಿತು.

ಬಾಬಾಸಾಹೇಬರು ಗಲ್ಲೆಯಿಂದ ಗಡಬಡಿಸಿ ಎದ್ದರು. "ಬರ್ರಿ ಮಾಮಾ, ಬರ್ರಿ. ಅಥಣಿಯಿಂದ ಯಾವಾಗ ಬಂದ್ರಿ? ಭೀಮಸಿ, ಮಾಮಾಗ ಬಿಸಿನೀರು ಕೊಡೋ."

ಕೊಪ್ಪೆ ಸರಿಯಿತು. ಒಳಗಿದ್ದದ್ದು ಪಕ್ಕದ ಪಾನಪಟ್ಟಿ ಅಂಗಡಿಯ ದಸ್ತಗೀರ.

"ಬಿಸಿನೀರು ಬ್ಯಾಡ್ರಿ ಮಾಲಕ್ರ," ಎಂದ ಅವನು ಗಡ್ಡದ ನೀರು ಒರೆಸಿಕೊಳ್ಳುತ್ತ. "ಮಾಮಾ ಅಂದ ಮ್ಯಾಲ ಮಗಳನ್ನ ಯಾವಾಗ ನೋಡಾಕ ಬರ್ತೀರಿ, ಅಷ್ಟು ಹೇಳ್ರಿ."

ಭೀಮಸಿ ನಕ್ಕು ನಕ್ಕು ಒಲೆಯ ಮುಂದೆ ಕೂತುಬಿಟ್ಟ. ಶಿವಗಂಗವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಬಾಬಾಸಾಹೇಬರೂ ನಕ್ಕರು, ಎಷ್ಟೋ ದಿನಗಳ ಮೇಲೆ. ಮಾಳಸಿದ್ದ ನಗಲಿಲ್ಲ. ಗೋಡೆಗೆ ಒರಗಿಸಿ ಒಣಹಾಕಿದ್ದ ದಸ್ತಗೀರನ ಕಂಬಳಿಯನ್ನೇ ನೋಡುತ್ತ ನಿಂತಿದ್ದ. ಅದು ತೊಟ್ಟಿಕ್ಕುತ್ತಿದ್ದದ್ದು ಬಾಗಿಲ ಪಕ್ಕದ ಖಾಲಿ ಜಾಗದ ಮುಂದೆಯೇ.

ಮರುದಿನ ಬಾಬಾಸಾಹೇಬರು ಹೊಲ ನೋಡಲು ಶಿರಗುಪ್ಪಿಗೆ ಹೋದರು, ಮಳೆಗೆ ಹೊಳೆ ಏರಿ ಐದು ದಿನ ಅಲ್ಲೇ ಉಳಿದರು. ಆ ಐದು ದಿನ ಮಾಳಸಿದ್ದ ಯಾರನ್ನೂ ಕೇಳಲಿಲ್ಲ. ದಾರ ಹೊಡೆಯಲಿಲ್ಲ, ಚೌಕ ಹಾಕಲಿಲ್ಲ. ಎಂಟು ಸಲ ನೋಡಿದ ಬೆನ್ನು ಕೈಗೆ ಬಾಯಿಪಾಠವಾಗಿತ್ತು. ಸುರಿಯುವ ಮಳೆ, ಕೆಸರು ದಾರಿ, ಅದರ ಮೇಲೆ ಬಾಗಿಲಿನ ಕಡೆಗೆ ಹೊರಟ ಒಬ್ಬ ಮನುಷ್ಯ, ಹಿಂದಿನಿಂದ. ಕೊಪ್ಪೆ ಹಾಕಿದ ಕಂಬಳಿ, ಕೈಯಲ್ಲಿ ಕೋಲು, ತುಸು ಎಳೆದ ಎಡಗಾಲು. ಮುಖವಿಲ್ಲ, ಪೇಟವಿಲ್ಲ, ಟೊಪ್ಪಿಗೆಯಿಲ್ಲ, ಹಣೆಯಿಲ್ಲ. ನಾಲ್ಕು ವರ್ಷ ಮುಖಗಳಿಗಾಗಿ ಹಂಬಲಿಸಿದವನು ಕೊನೆಗೆ ಮುಖವಿಲ್ಲದವನೊಬ್ಬನನ್ನು ಬರೆದ. ಕಂಬಳಿಯ ಕೆಳ ಅಂಚಿನಲ್ಲಿ ಗೇಣುದ್ದದ ಬಿಳಿ ನೂಲಿನ ಹೊಲಿಗೆಯೊಂದನ್ನು ಎಲ್ಲಕ್ಕಿಂತ ಸಣ್ಣ ಬ್ರಶ್ಶಿನಿಂದ ಹಾಕಿದ.

ತಿರುಗಿ ಬಂದ ಬಾಬಾಸಾಹೇಬರು ಬಾಗಿಲಲ್ಲೇ ನಿಂತರು.

"ತುಂಬಿದ್ಯಾ? ನನ್ನ ಕೇಳದ ತುಂಬಿದ್ಯಾ? ಇನ್ನ ಬಂದಾಂವಗ ಯಾವುದು ತೋರಸಲೋ?"

"ಇಂವನ್ನ ತೋರಸ್ರಿ."

"ಇಂವ ಯಾರು?"

"ಯಾರು ಕೇಳ್ತಾರ ಅವರಾಂವ್ರಿ."

ಬಾಬಾಸಾಹೇಬರು ಇನ್ನೇನೋ ಅನ್ನುವವರಿದ್ದರು. ಅಷ್ಟರಲ್ಲಿ ಬೆತ್ತದ ಕುರ್ಚಿಯಿಂದ ಶಿವಗಂಗವ್ವನ ದನಿ ಬಂತು. "ಸುಮ್ನಿರೋ ಬಾಬ್ಯಾ. ನಿಮ್ಮಪ್ಪ ಕಬ್ಬಿನಾಗ ನಿಂತ ನೀರು ಹೊರಗ ಬಿಡಾಕ ಹೊಂಟಾನ. ಐದ ದಿನಾ ಆತು ನೋಡಾಕತ್ತೇನಿ, ಇನ್ನೂ ಅಲ್ಲೇ ಹೊಂಟಾನ."

ತೀರಿಹೋದ ತಂದೆಯನ್ನು ಕಂಡ ತಾಯಿಯ ಮಾತಿಗೂ ಅವರು ಸೋಲಲಿಲ್ಲ. ಸಾಕು ಎನ್ನಲಿಲ್ಲ. ಕಾದರು. ಭಾದ್ರಪದದಲ್ಲಿ ಕೊನೆಗೂ ಬಂದರು, ಅಪ್ಪಾಚಿವಾಡಿಯ ಕಡೆಯ ಐದಾರು ಜನ, ಕೆಸರುಗಾಲು, ಗಟ್ಟಿ ದನಿ. ಗೋಡೆಯನ್ನು ಅಳೆದು ನೋಡಿದ ಒಬ್ಬ ಯುವಕ, ನಮ್ಮವನೆಲ್ಲಿ ಎಂದು ಮೇಜು ಬಡಿದ: "ಕಾಯ್ ಮಾಲಕ್, ಆಮಚಾ ಮಾಣೂಸ್ ಕುಠೆ ಆಹೆ?"

ಬಾಬಾಸಾಹೇಬರ ಕೈ ತಾನಾಗಿ ಬಾಗಿಲ ಪಕ್ಕಕ್ಕೆ ಎದ್ದಿತು. ಯುವಕ ತಿರುಗಿ ನೋಡಿದ. ಇದಕ್ಕೆ ಮುಖವೇ ಇಲ್ಲವಲ್ಲ ಎಂದು ಬಾಯಿ ತೆರೆಯುವಷ್ಟರಲ್ಲಿ ಅವರ ಜೊತೆಗಿದ್ದ ಮುದುಕನೊಬ್ಬ ಎದ್ದು ಹತ್ತಿರ ಹೋಗಿ, ಕನ್ನಡಕವಿಲ್ಲದ ಕಣ್ಣು ಕಿರಿದು ಮಾಡಿ, "ಆಬಾ," ಎಂದ ಮೆಲ್ಲಗೆ. "ಆಮಚೆ ಆಬಾ." ಅವನಿಗೆ ತನ್ನ ಮನೆಯ ಹಿರಿಯ ಕಂಡಿದ್ದ. ಮೇಜು ಬಡಿದ ಕೈ ಕೆಳಗಿಳಿಯಿತು. ಆರು ಚಹಾ ಕುಡಿದು ಹೋದರು.

ಆಮೇಲೆ ಪಾತ್ರೆ ತಿಕ್ಕುವ ಸುಂದ್ರವ್ವ, ಅದು ಲಕ್ಷ್ಮೇಶ್ವರಕ್ಕೆ ಹೋದವನು ತಿರುಗಿ ಬಾರದ ತನ್ನ ಅಣ್ಣನೆಂದಳು. ದಸ್ತಗೀರ ತನ್ನ ಅಬ್ಬಾ ಎಂದ. ಯಾರೂ ಯಾರ ಜೊತೆಗೂ ಜಗಳಾಡಲಿಲ್ಲ. ಆದರೂ ದಸರಾ ಬಂತು, ಹೋಯಿತು. ಬಾಬಾಸಾಹೇಬರು ಗೋಡೆ ನೋಡುತ್ತಿದ್ದರು, ಮಾಳಸಿದ್ದನನ್ನು ನೋಡುತ್ತಿದ್ದರು, ಮಾತು ನಾಲಿಗೆಯವರೆಗೆ ಬಂದು ತಿರುಗಿ ಹೋಗುತ್ತಿತ್ತು. ಖಾಲಿ ಜಾಗದ ಭಯ ಹೋಗಿತ್ತು, ಬರೆಯುವವನಿಲ್ಲದ ಹೋಟೆಲಿನ ಭಯ ಇನ್ನೂ ಇತ್ತು. ದಸರಾದ ಸಂಜೆ ಕೊಲ್ಹಾಪುರದ ಕೊನೆಯ ಬಸ್ಸು ಹೋದ ಮೇಲೆ ಮಾಳಸಿದ್ದ ಬ್ರಶ್ಶುಗಳನ್ನು ತೊಳೆದು ಒಣಗಿಸಿ, ಬಟ್ಟೆಯಲ್ಲಿ ಸುತ್ತಿ, ಜಿನೆಯ ಕೆಳಗಿಟ್ಟ. ಇನ್ನು ಅವುಗಳ ಅವಸರವಿರಲಿಲ್ಲ.

ದೀಪಾವಳಿಯ ಮೂರನೆಯ ದಿನ ಕುರಿಗಳು ಬಂದವು. ಕಾಡಸಿದ್ದ ಎಂದಿನಂತೆ ಮೆಟ್ಟಿಲ ಕೆಳಗೆ ನಿಂತ. ಶಿವಗಂಗವ್ವ ಅವನನ್ನು ನೋಡಿ ಕರೆದಳು. "ನಾಕು ವರ್ಷದಿಂದ ಹೊರಗ ನಿಂತೀಯಲ್ಲೋ ತಮ್ಮಾ. ಮಗ ಏನ ಬರದಾನ ಒಮ್ಮಿ ಬಂದು ನೋಡು."

ಮುದುಕಿಯ ಮಾತು ಮೀರಲಾರದೆ ಅವನು ಚಪ್ಪಲಿ ಬಿಟ್ಟು, ಕಾಲನ್ನು ಮೆಟ್ಟಿಲಿಗೆ ಒರೆಸಿ, ಒಳಗೆ ಬಂದ. ಅಡುಗೆಮನೆಯ ತುದಿಗೆ ಹೋಗಿ, ಅಲ್ಲಿಂದ ಹತ್ತೊಂಬತ್ತು ಅಡಿಯ ಜನರನ್ನು ಸಂತೆಯಲ್ಲಿ ಪರವೂರಿನವರನ್ನು ನೋಡುವಂತೆ ನೋಡುತ್ತ ಬಂದ. ಬಾಗಿಲ ಪಕ್ಕಕ್ಕೆ ಬಂದಾಗ ನಿಂತ. ಬಾಗಿ, ಒರಟು ಬೆರಳಿನಿಂದ ಕಂಬಳಿಯ ಕೆಳ ಅಂಚನ್ನು ಮುಟ್ಟಿದ. ತನ್ನ ಹೆಗಲ ಮೇಲಿನ ಕಂಬಳಿಯನ್ನು ಎಳೆದು ಅದರ ಅಂಚು ಹುಡುಕಿದ. ಗೇಣುದ್ದದ ಬಿಳಿ ನೂಲಿನ ಹೊಲಿಗೆ.

"ಇದು ನಿಮ್ಮವ್ವ ಹಾಕಿದ್ದು," ಎಂದ.

"ಹೌದಪಾ."

"ಕಂಬಳಿ ನಂದು." ಕಾಡಸಿದ್ದ ಹಿಂದೆ ಸರಿದು ಚಿತ್ರವನ್ನು ತಲೆಯಿಂದ ಕಾಲಿನವರೆಗೆ ನೋಡಿದ. "ಮನಿಷಾ ಯಾರು? ಪಾಪ, ಕಾಲು ಎಳೀತಾನ."

ಊರಿನವರೆಲ್ಲ ತಮ್ಮವನೆಂದ ಮನುಷ್ಯನನ್ನು ಅವನೊಬ್ಬನೇ ಗುರುತು ಹಿಡಿಯಲಿಲ್ಲ. ತನ್ನ ಬೆನ್ನನ್ನು ಅವನು ಯಾವಾಗ ನೋಡಿದ್ದ? ಅದನ್ನು ನೋಡಿದ್ದವನು ಬಾಗಿಲಲ್ಲಿ ನಿಂತ ಒಬ್ಬನೇ, ಎಂಟು ಸಲ. ಬಾಬಾಸಾಹೇಬರು ಗಲ್ಲೆಯ ಹಿಂದಿನಿಂದ ಎಲ್ಲವನ್ನೂ ಕೇಳುತ್ತಿದ್ದರು. ಎದ್ದು ಬಂದರು. ಹೊಲಿಗೆಯನ್ನು ಒಮ್ಮೆ ನೋಡಿದರು, ಮುದುಕನ ಕಾಲನ್ನು ಒಮ್ಮೆ ನೋಡಿದರು. ಯಾರು ಕೇಳಿದರೂ ಅವರಿಗೇ ತೋರಿಸುತ್ತ ಬಂದ ಆ ಮನುಷ್ಯನಿಗೆ ಒಬ್ಬ ಮಗನಿದ್ದ, ಆ ಮಗನನ್ನು ತಾವು ಜಿನೆಯ ಕೆಳಗೆ ಇಟ್ಟುಕೊಂಡಿದ್ದರು.

"ಕಾಡಸಿದ್ದಪ್ಪ, ನಿನ್ನ ಭಂಡಾರದ ಚೀಲ ಕೊಡು," ಎಂದರು.

ಚಿಟಿಕೆ ಪುಡಿ ತೆಗೆದು ಮಾಳಸಿದ್ದನ ಹಣೆಗೆ ಹಚ್ಚಿದರು.

"ಸಾಕು," ಎಂದರು.

ಮಾಳಸಿದ್ದ ಬಟ್ಟೆಯಲ್ಲಿ ಸುತ್ತಿದ ಬ್ರಶ್ಶುಗಳನ್ನು ಎತ್ತಿಕೊಂಡು ಕುರಿಗಳ ಹಿಂದೆ ಹೊರಟ. ಊರು ಮುಗಿಯುವವರೆಗೆ ತಂದೆಯ ಜೊತೆ ನಡೆದು, ಆಮೇಲೆ ಕೈ ಮಾಡಿ ಕೊಲ್ಹಾಪುರದ ಬಸ್ಸು ನಿಲ್ಲಿಸಿದ.

ದಸರಾ ದಾಟಿ ಇಪ್ಪತ್ತು ದಿನ ಕಳೆದಿತ್ತು. ರಾಜಾರಾಮ ಆಡಿದ ಮಾತಿನಂತೆ ನಾಯಕ ನಾಯಕಿಯರ ಮುಖಗಳನ್ನು ಅಳಿಯನಿಗೆ ಕೊಟ್ಟಿದ್ದ. ಮಾಳಸಿದ್ದನಿಗೆ ಉಳಿದದ್ದು ಹಿಂದೆ ನಿಲ್ಲುವ ಜನರ ಮುಖಗಳು, ಊರ ಮಂದಿ, ಪೊಲೀಸರು, ಖಳನಾಯಕನ ಕಡೆಯವರು. ಅವನು ಅವರನ್ನು ಆರು ವರ್ಷ ಬರೆದ. ಎಷ್ಟೇ ಜನರಿದ್ದರೂ ಅವರ ಕಾಲಿನ ಮುಂದೆ ಒಂದು ಹೆಜ್ಜೆಯಷ್ಟು ಖಾಲಿ ಬಿಡುತ್ತಿದ್ದ. ಯಾಕೆಂದು ಅಳಿಯ ಕೇಳಿದರೆ ಹೇಳುತ್ತಿರಲಿಲ್ಲ.

ಬ್ಯಾನರಿನ ಕೆಲಸ ಕಡಿಮೆಯಾಗಿ ೧೯೯೭ರಲ್ಲಿ ಬೇಡಕಿಹಾಳಕ್ಕೆ ಮರಳುವಾಗ ನಿಪ್ಪಾಣಿಯಲ್ಲಿ ಬಸ್ಸು ಬದಲಿಸಬೇಕಾಯಿತು. ಏಳು ವರ್ಷದಲ್ಲಿ ಮೊದಲ ಸಲ ಆ ಹೋಟೆಲಿನ ಮೆಟ್ಟಿಲ ಕೆಳಗೆ ಬಂದು ನಿಂತ. ಗಲ್ಲೆಯ ಮೇಲೆ ಬಾಬಾಸಾಹೇಬರ ಮಗನಿದ್ದ. ಹೊಗೆ ಹಿಡಿಯುತ್ತದೆಂದು ಗೋಡೆಗೆ ಪ್ಲೈವುಡ್ ಹೊಡೆಸಿದ್ದರು. ಹತ್ತೊಂಬತ್ತು ಅಡಿಯ ಜನ ಅದರ ಹಿಂದೆ, ಒಬ್ಬರ ಬೆನ್ನಿಗೊಬ್ಬರು ಒತ್ತಿಕೊಂಡು, ಕತ್ತಲಲ್ಲಿದ್ದರು. ಬಾಗಿಲು ತೆರೆದಾಗ ತಾಗುತ್ತದೆಂದು ಬಡಿಗ ಮೂರು ಮೊಳ ಬಿಟ್ಟಿದ್ದ. ಅಲ್ಲಿ ಕಂಬಳಿಯ ಕೊಪ್ಪೆ ಹಾಕಿದವನು ಇನ್ನೂ ಮಳೆಯಲ್ಲಿ ಹೊರಗೆ ಹೊರಟಿದ್ದ.

"ಒಳಗ ಬರ್ರಿ, ಚಹಾ ಕುಡೀರಿ," ಎಂದ ಹುಡುಗ.

"ಬ್ಯಾಡ್ರಿ. ನನ್ನ ಬಸ್ಸು ಬರತೈತಿ," ಎಂದ ಮಾಳಸಿದ್ದ, ಮೆಟ್ಟಿಲು ಹತ್ತದೆ.